ಕಾಕಾನ ಗಾಳದ ರಾಡು, ಕೂಲರಿನ ಮೋಟರು

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತು ಮಧ್ಯಾಹ್ನ ಎಪಾಕ್ಸಿ ಅಂಟು ಕಲಸಬಾರದು. ಎರಡು ಸಲ ಕಲಸಿ ಕೆಡಿಸಿದ ಮೇಲೆ ನನಗೆ ಇದು ಗೊತ್ತಾಯಿತು.

ನನಗೆ ಹಳೆ ಗಾಳದ ರಾಡುಗಳನ್ನು ಬಿಚ್ಚಿ ಮತ್ತೆ ಕಟ್ಟುವ ಹುಚ್ಚು. ಈಗೀಗ ಮೀನು ಹಿಡಿಯುವುದಕ್ಕಿಂತ ಇದೇ ಜಾಸ್ತಿ. ಚಿಕ್ಕವರಿದ್ದಾಗ ನಾವು ಕಾಗಿಣಾ ದಂಡೆಯಲ್ಲಿ ಬಿದಿರು ಕೋಲಿಗೆ ನೈಲಾನ್ ದಾರ ಕಟ್ಟಿ, ಜೋಳದ ದಂಟು ಸುಲಿದು ಒಳಗಿನ ಬೆಂಡನ್ನೇ ತೇಲಿಬಿಟ್ಟು ಕೂತವರು. ರೀಲು ಇರುವ ರಾಡು ಅಂತ ಮೊದಲು ನೋಡಿದ್ದು ನಮ್ಮ ಕಾಕಾನ ಕೈಯಲ್ಲಿ. ಏಳು ಅಡಿಯ ಫೈಬರ್‌ಗ್ಲಾಸ್ ರಾಡು, ಕಂದು ಬಣ್ಣ. ಮುಟ್ಟಿದರೆ ಬೈಯುತ್ತಿದ್ದರು. ಹೋದ ವರ್ಷ ಅದು ಅವರ ಮನೆಯ ಅಟ್ಟದ ಮೇಲೆ ಸಿಕ್ಕಿತು. ಗಾಳದ ದಾರ ಹಾಯುವ ರಿಂಗುಗಳಿಗೆ ತುಕ್ಕು, ಕಾರ್ಕ್ ಹಿಡಿಕೆಯನ್ನು ಇಲಿ ಕಡಿದಿತ್ತು, ರಿಂಗು ಕಟ್ಟಲು ಸುತ್ತಿದ ನೂಲು ಎಳೆ ಎಳೆಯಾಗಿ ಎದ್ದಿತ್ತು. ಕಡ್ಡಿ ಮಾತ್ರ ಗಟ್ಟಿ.

ಇದನ್ನು ಬಿಸಾಕಿ ಕಾರ್ಬನ್ ರಾಡು ತಗೋ ಅಂದರು ಗೆಳೆಯರು. ಕಾರ್ಬನ್ ಹಗುರ, ನಿಜ. ಆದರೆ ಕಲ್ಲಿಗೆ ಬಡಿದು ಸಣ್ಣ ಪೆಟ್ಟಾದರೂ ಸಾಕು, ಮುಂದೆ ಯಾವತ್ತೋ ಮೀನು ಎಳೆಯುವಾಗ ಅಲ್ಲಿಗೇ ಪಟ್ ಅಂತ ಮುರಿಯುತ್ತದೆ. ಅದರಲ್ಲಿ ಕರೆಂಟ್ ಕೂಡ ಹರಿಯುತ್ತದೆ, ತಂತಿ ಹಾದುಹೋದ ಕಡೆ ಹುಷಾರಾಗಿರಬೇಕು. ಫೈಬರ್‌ಗ್ಲಾಸ್ ಭಾರ, ಸ್ವಲ್ಪ ಮಂದ, ಆದರೆ ಪೆಟ್ಟು ತಡೆಯುತ್ತದೆ. ಅದಕ್ಕೂ ಹಿಂದಿನದು ಬಿದಿರು. ಸುಮ್ನೆ ಕೋಲಲ್ಲ, ಬಿದಿರನ್ನು ಸೀಳಿ ಆರು ಪಟ್ಟಿ ಅಂಟಿಸಿ ಆರು ಮೂಲೆಯ ಕಡ್ಡಿ ಮಾಡುತ್ತಿದ್ದರು. 19ನೇ ಶತಮಾನದಲ್ಲಿ ವಿಲಾಯತಿಯವರು ಅದಕ್ಕೆ ಬಳಸಿದ್ದು ನಮ್ಮ ಕಲ್ಕತ್ತಾದಿಂದ ಹೋದ ಬಿದಿರು, ಆಮೇಲೆ ಚೀನಾದ ಬಿದಿರಿಗೆ ಹೋದರು. ನಾನಿನ್ನೂ ಆ ಕೆಲಸಕ್ಕೆ ಕೈ ಹಾಕಿಲ್ಲ, ಧೈರ್ಯ ಇಲ್ಲ.

ಹಳೆ ನೂಲು ತೆಗೆಯುವಾಗ ಬ್ಲೇಡನ್ನು ನೂಲಿನಡಿ ಕೂತ ರಿಂಗಿನ ಕಾಲಿನ ಮೇಲೆ ಓಡಿಸಬೇಕು, ಕಡ್ಡಿಗೆ ತಾಗಿಸಬಾರದು. ಕಡ್ಡಿಗೆ ಗೀರು ಬಿದ್ದರೆ ಅದರ ಶಕ್ತಿ ಹೋಯಿತು. ಆಮೇಲೆ ಕಡ್ಡಿಯ ಬೆನ್ನು ಹುಡುಕಬೇಕು: ಬುಡವನ್ನು ನೆಲಕ್ಕೆ ಊರಿ, ತುದಿಯನ್ನು ಅಂಗೈಲಿ ಹಿಡಿದು, ಸ್ವಲ್ಪ ಬಗ್ಗಿಸಿ ಉರುಳಿಸಿದರೆ ಒಂದು ಕಡೆ ತಾನೇ ಟಕ್ ಅಂತ ಹೊರಳಿ ನಿಲ್ಲುತ್ತದೆ. ಅಲ್ಲೊಂದು ಗುರುತು ಹಾಕಿ, ಅದನ್ನು ನೋಡಿ ರಿಂಗು ಸಾಲು ಮಾಡುತ್ತೇನೆ. ಎಷ್ಟು ಅಡಿಯೋ ಅಷ್ಟು ರಿಂಗು, ಮೇಲೊಂದು, ಇದು ಮೋಟಾ ಲೆಕ್ಕ. ರಿಂಗಿನ ಕಾಲಿನ ತುದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡದಿದ್ದರೆ ನೂಲು ಮೇಲೆ ಹತ್ತುವುದೇ ಇಲ್ಲ, ಅಲ್ಲೊಂದು ಸಂದು ಉಳಿಯುತ್ತದೆ. ನೂಲು ಕಪ್ಪು ಹಾಕಿದೆ, ಅಂಚಿಗೆ ನಾಲ್ಕೈದು ಸುತ್ತು ಬೆಳ್ಳಿ ಬಣ್ಣದ್ದು. ಬೀದರಿನಲ್ಲಿ ಓದಿದವನು, ಬಿದ್ರಿ ಹೂಜಿ ನೋಡಿ ನೋಡಿ ಕಣ್ಣಿಗೆ ಅದೇ ಕೂತುಬಿಟ್ಟಿದೆ.

ಇಷ್ಟರವರೆಗೆ ಸುಲಭ. ಕಷ್ಟ ಮುಂದಿದೆ.

ನೂಲಿನ ಮೇಲೆ ಎರಡು ಭಾಗದ ಎಪಾಕ್ಸಿ ಸಮಸಮ ಕಲಸಿ ಬಳಿಯಬೇಕು. ಗಟ್ಟಿಯಾಗುವ ತನಕ ರಾಡು ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಅಂಟು ಒಂದೇ ಕಡೆ ಇಳಿದು ಹೊಟ್ಟೆ ಬರುತ್ತದೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ. ಸಣ್ಣ ಕಪ್ಪಿನಲ್ಲಿ ಕಲಸಿಟ್ಟು, ಹೊರಗೆ 42 ಡಿಗ್ರಿ ಇದ್ದರೆ ಏನಾಗಬೇಕು? ಮೂರನೇ ರಿಂಗಿಗೆ ಬರುವಷ್ಟರಲ್ಲಿ ಕಪ್ಪಿನಲ್ಲಿ ಬೆಲ್ಲದ ಪಾಕ. ಬಳಿದದ್ದೆಲ್ಲ ಗಂಟು ಗಂಟು.

ಈಗ ರಾತ್ರಿ ಹನ್ನೊಂದರ ಮೇಲೆ ಕೂರುತ್ತೇನೆ. ನೀರು ಹಾಕಿ ತಂಪು ಮಾಡಿದ ಶಹಾಬಾದ್ ಕಲ್ಲಿನ ತುಂಡನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ ಎಪಾಕ್ಸಿಯನ್ನು ತೆಳ್ಳಗೆ ಹರಡುತ್ತೇನೆ. ಕಲ್ಲು ಬಿಸಿ ಎಳೆದುಕೊಳ್ಳುತ್ತದೆ, ಕೈಗೆ ಟೈಮು ಸಿಗುತ್ತದೆ. ರಾಡು ತಿರುಗಿಸಲು ಹಾಳಾದ ಕೂಲರಿನ ಸ್ವಿಂಗ್ ಮೋಟರು, ಗಾಳಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಲ್ಲ, ಅದು. ಆ ಮೋಟರಿಗೆ ದಿಕ್ಕಿನ ಹಂಗಿಲ್ಲ, ಒಮ್ಮೆ ಎಡಕ್ಕೆ ಶುರುವಾಗುತ್ತದೆ, ಒಮ್ಮೆ ಬಲಕ್ಕೆ. ನಿಧಾನಕ್ಕೆ ತಿರುಗಿದರೆ ಸಾಕು.

ಕಾಕಾನ ರಾಡಿಗೆ ಬಳಿದ ರಾತ್ರಿ ಎಲ್ಲಾ ಸರಿ ಹೋಗಿತ್ತು. ಒಂದು ಗಂಟೆಗೆ ಕರೆಂಟ್ ಹೋಯಿತು. ಮುಂದೆ ಎರಡು ತಾಸು ಮೊಬೈಲ್ ಬೆಳಕಿನಲ್ಲಿ ಕೈಯಿಂದಲೇ ತಿರುಗಿಸುತ್ತಾ ಕೂತೆ. ನಡುವೆ ನೀರು ಕುಡಿಯಲು ಎದ್ದ ಹೆಂಡತಿ ನಿಂತು ನೋಡಿ, "ರೀ, ಈ ರೊಕ್ಕದಾಗ ಮಾರ್ಕೆಟಿನಾಗ ಎಷ್ಟು ಮೀನು ಬರ್ತಿದ್ವು?" ಅಂತ ಕೇಳಿ ಹೋಗಿ ಮಲಗಿದಳು. ತೂಕಡಿಕೆಯಲ್ಲಿ ಎಲ್ಲೋ ಒಮ್ಮೆ ಹೆಬ್ಬೆರಳು ರಿಂಗಿಗೆ ತಾಗಿತು ಅನಿಸಿತು. ಬೆಳಿಗ್ಗೆ ನೋಡಿದರೆ ಮೇಲ್ಮೈ ಗಾಜಿನಂತಿದೆ, ಗಂಟಿಲ್ಲ, ಗುಳ್ಳೆಯಿಲ್ಲ. ಖುಷಿಯಾಗಿ ಕಾಕಾನ ಹತ್ತಿರ ಒಯ್ದೆ.

ಎಂಬತ್ತು ದಾಟಿದ ಮನುಷ್ಯ. ಕನ್ನಡಕ ಏರಿಸಿ, ರಾಡಿನ ಬುಡದಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಬಂದೂಕಿನ ಗುರಿ ನೋಡಿದ ಹಾಗೆ.

"ಮೂರನೇ ರಿಂಗು ಡೊಂಕ ಅದಲ್ಲೋ ತಮ್ಮಾ."