ಅರ್ಧ ಮಿಲಿಮೀಟರ್ ಅಂಟು, ವಾಪಸ್ ಬರದ ನದಿ

ಕೊನೆಗೂ ನೀರು ಉತ್ತರಕ್ಕೆ ಹರಿಯಿತು! ನಾಲ್ಕು ವಾರ, ಮೂರು ಡಬ್ಬಿ ಪುಟ್ಟಿ, ಮನೆಯವರ ತಾಳ್ಮೆ ಎಲ್ಲ ಖರ್ಚಾದ ಮೇಲೆ.

ಈ ಉಬ್ಬು ನಕ್ಷೆ ಯಾಕೆ ಶುರುವಾಯಿತು ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ವಲಸೆಯ ಬಗ್ಗೆ ತಿಳಿಯಲು ಅಮೆರಿಕದ ಅರಿಜೋನಾ, ಮೆಕ್ಸಿಕೊದ ಸೊನೋರಾ ರಾಜ್ಯಗಳ ನಡುವಿನ ಗಡಿಗೆ ಹೊರಟ ಅಧ್ಯಯನ ಪ್ರವಾಸದಲ್ಲಿ ನಾನೂ ಇದ್ದೆ. ಗಡಿಯ ಎರಡೂ ಬದಿ ಹರಡಿದ ನೊಗಾಲೆಸ್‌ನ ಮೆಕ್ಸಿಕೊ ಕಡೆ, ವಲಸಿಗರು ತಂಗುವ ಒಂದು ಮನೆಯಲ್ಲಿ, ಒಬ್ಬ ಹೆಂಗಸು ನನ್ನ ಕಾಗದದ ನಕ್ಷೆಯ ಮೇಲೆ ಬೆರಳಿಟ್ಟು ಅಳೆದರು. ಅರಿಜೋನಾದ ಟೂಸಾನ್‌ಗೆ ಅರ್ಧ ಗೇಣೂ ಆಗಲಿಲ್ಲ. "ಇಷ್ಟೇನಾ?" ಅಂದರು. ನಿಜದಲ್ಲಿ ಅದು ನೂರು ಕಿಲೋಮೀಟರ್. ನಡುವೆ ಬೆಟ್ಟ, ಬಿಸಿಲು. ದಾಟುವವರನ್ನು ಊರುಗಳಿಂದ ಬಿರುಸು ನೆಲದ ಕಡೆಗೆ ತಳ್ಳಿದರೆ ಹೆದರಿ ವಾಪಸ್ ಹೋಗುತ್ತಾರೆ ಅನ್ನುವುದು 1994ರಲ್ಲಿ ಅಮೆರಿಕದ ಗಡಿ ಪಡೆ ಹಾಕಿದ ಲೆಕ್ಕ. ಜನ ಆ ಕಡೆಗೆ ಸರಿದರು. ಹೆದರಿ ನಿಲ್ಲಲಿಲ್ಲ, ಮರುಭೂಮಿಯಲ್ಲಿ ಸತ್ತರು. ಚಪ್ಪಟೆ ಕಾಗದದಲ್ಲಿ ಇದೆಲ್ಲ ಕಾಣುವುದಿಲ್ಲ. ಮುಂದಿನ ತಂಡಕ್ಕೆ ಕೈಯಲ್ಲಿ ಮುಟ್ಟಿ ನೋಡುವಂಥ ನಕ್ಷೆ ಮಾಡಿಕೊಡ್ತೀನಿ ಅಂದುಬಿಟ್ಟೆ. ಸುಮ್ನೆ ಇರಬಹುದಿತ್ತು, ಅಲ್ವಾ?

ನಕ್ಷೆಯ ಎತ್ತರದ ಗೆರೆಗಳ ಆಕಾರಕ್ಕೆ ಹಾಳೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿದರೆ ಬೆಟ್ಟ ಏಳುತ್ತದೆ. ಅಡ್ಡಳತೆ 1:1,00,000, ಅಂದರೆ ಒಂದು ಸೆಂ.ಮೀ.ಗೆ ಒಂದು ಕಿಲೋಮೀಟರ್. ಉಬ್ಬು ಕಾಣಲಿ ಅಂತ ಎತ್ತರವನ್ನು ಮಾತ್ರ ಐದು ಪಟ್ಟು ಹಿಗ್ಗಿಸಿದೆ. ಅಂದರೆ 2 ಮಿ.ಮೀ.ನ ಒಂದು ಹಾಳೆಗೆ 40 ಮೀಟರ್. ಕತ್ತರಿಸಿ ಅಂಟಿಸಿದ ಕತೆ ನಿಮಗೆ ಹೇಳಬೇಕಿಲ್ಲ. ಹಾಳೆ ಕಳಿಸಿದವನ ಬಗ್ಗೆ ಮಾತ್ರ ಹೇಳಲೇಬೇಕು. ಕಟ್ಟಿನ ಮೇಲೆ 2 ಮಿ.ಮೀ. ಅಂತ ಚೀಟಿ, ಒಳಗೆ ಅರ್ಧದಷ್ಟು 3 ಮಿ.ಮೀ. ಫೋನ್ ಮಾಡಿದರೆ "ಒತ್ತಿದರೆ ಸರಿಹೋಗುತ್ತೆ ಸರ್" ಅಂದ ಪುಣ್ಯಾತ್ಮ. ಬೆಟ್ಟವನ್ನು ಒತ್ತೋದಾ?

ಇನ್ನೊಂದು ತಲೆನೋವು ಏನೆಂದರೆ, ಅಮೆರಿಕದ ನಕ್ಷೆಯಲ್ಲಿ ಎತ್ತರ ಅಡಿಯಲ್ಲಿದೆ, ಮೆಕ್ಸಿಕೊದ್ದರಲ್ಲಿ ಮೀಟರ್‌ನಲ್ಲಿ. ಗಡಿಗೆರೆಗೆ ಬಂದಾಗ ಎರಡರ ಎತ್ತರದ ಗೆರೆಗಳೂ ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೇ ಎರಡು ಹಲಗೆ ಬೇರೆ ಬೇರೆ ಮಾಡಿ, ಗಡಿಯ ಮೇಲೇ ಸೇರಿಸಿ ಅಂಟು ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಗಡಿಯ ಗೋಡೆ ತೋರಿಸುವ ಆಸೆಯೂ ಇತ್ತು. ನೊಗಾಲೆಸ್‌ನಲ್ಲಿ ಅದು ತೀರಾ ಎತ್ತರ ಇರುವಲ್ಲಿ ಸುಮಾರು 9 ಮೀಟರ್. ನನ್ನ ಹಲಗೆಯಲ್ಲಿ 0.45 ಮಿ.ಮೀ. ನೂಲು ಅಂಟಿಸಿದೆ, ಬಣ್ಣದಡಿ ಮುಚ್ಚಿಹೋಯಿತು. ಗೋಡೆ ಬೇಡ ಅಂತ ಬಿಟ್ಟೆ.

ಆಮೇಲೆ ಸಾಂತಾ ಕ್ರೂಸ್ ನದಿ. ಇದು ಅರಿಜೋನಾದಲ್ಲಿ ಹುಟ್ಟಿ, ದಕ್ಷಿಣಕ್ಕೆ ಮೆಕ್ಸಿಕೊಗೆ ಇಳಿದು, ಸಾನ್ ಲಾಸಾರೊ ಹತ್ತಿರ ತಿರುಗಿ, ನೊಗಾಲೆಸ್‌ನ ಪೂರ್ವದಲ್ಲಿ ಮತ್ತೆ ಅಮೆರಿಕಕ್ಕೆ ಬರುತ್ತದೆ. ಯಾರನ್ನೂ ಕೇಳದೆ ಎರಡು ಸಲ ಗಡಿ ದಾಟುತ್ತದೆ. ಹಲಗೆಯಲ್ಲಿ ನೀರು ಬಿಟ್ಟು ಅದನ್ನೇ ತೋರಿಸಬೇಕಿತ್ತು. ನೀರು ಹೋಗುವಾಗ ಚೆನ್ನಾಗಿ ಹೋಯಿತು. ಬರುವಾಗ ಗಡಿಗೆರೆಯ ಹತ್ತಿರ ನಿಂತಿತು. ಪ್ರತಿ ಸಲವೂ.

ಹಲಗೆ ಬಾಗಿದೆಯಾ ಅಂತ ರಸಮಟ್ಟ ಇಟ್ಟೆ, ಬಾಗಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿರುವ ಹಾಳೆಗಳ ತಪ್ಪು ಅಂತ ಪುಟ್ಟಿ ಬಳಿದೆ. ಚಮಚದ ಹಿಡಿಯಿಂದ ಕಾಲುವೆ ತೋಡಿದೆ. ಜೋಡಣೆ ಬಿಟ್ಟುಕೊಂಡೀತು ಅಂತ ಗೆರೆಯ ಹತ್ತಿರ ಮಾತ್ರ ತೋಡಲಿಲ್ಲ, ಪೆದ್ದ ನಾನು. ಒಂದು ರಾತ್ರಿ ಸಿಟ್ಟಿಗೆ ದೀಪ ಆರಿಸಿ ಏಳುವಾಗ ಉಗುರಿಗೆ ಏನೋ ತಡೆಯಿತು. ಪಾಲಿಯುರೆಥೇನ್ ಅಂಟು! ಒಣಗುವಾಗ ಉಬ್ಬುತ್ತದೆ, ಗೊತ್ತಿದ್ದೂ ಮರೆತಿದ್ದೆ. ವರ್ನಿಯರ್ ಅಳತೆಗೋಲು ಹಿಡಿದರೆ ಅರ್ಧ ಮಿ.ಮೀ. ಎತ್ತರದ ಲೆಕ್ಕದಲ್ಲಿ ಹತ್ತು ಮೀಟರ್. ಬೇಕು ಅಂತ ಕಟ್ಟಲಾಗದ ಗೋಡೆಯನ್ನು ಬೇಡದೆ ಕಟ್ಟಿದ್ದೆ.

ಪ್ರವಾಸದಲ್ಲಿ ಕೇಳಿದ್ದು ಆಗ ನೆನಪಾಯಿತು. ನೊಗಾಲೆಸ್‌ನ ಎರಡೂ ಕಡೆಯ ಬೀದಿಗಳ ಕೆಳಗೆ ಮಳೆನೀರಿನ ಸುರಂಗಗಳಿವೆ, ನೀರು ಹರಿಯುವುದು ಮೆಕ್ಸಿಕೊದಿಂದ ಉತ್ತರಕ್ಕೆ. ಅಲ್ಲಿ ಜನ ನುಸುಳದಂತೆ ಗಡಿ ಪಡೆ ಒಳಗೆ ಕಾಂಕ್ರೀಟ್ ತಡೆ ಕಟ್ಟಿತ್ತು. ಜುಲೈ 2008ರ ಮಳೆಯಲ್ಲಿ ನೀರು ಅದಕ್ಕೆ ಕಟ್ಟಿಕೊಂಡು ಮೆಕ್ಸಿಕೊ ಕಡೆಯ ಪೇಟೆ ಮುಳುಗಿತು. ನನ್ನ ಹಲಗೆಯಲ್ಲಿ ಮುಳುಗಿದ್ದೂ ಆ ಕಡೆಯೇ.

    

ನದಿ ದಾಟುವ ಕಡೆ ಅಂಟನ್ನು ಉಜ್ಜಿ ತೆಗೆದೆ. ನೀರು ಹೋಯಿತು, ತಟ್ಟೆ ಇಡೋದು ಮರೆತಿದ್ದರಿಂದ ನೇರ ರತ್ನಗಂಬಳಿಗೆ. ನೊಗಾಲೆಸ್ ಊರಿನ ಹತ್ತಿರದ ಉಬ್ಬನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದೇ ಗೋಡೆ, ತುಕ್ಕು ಬಣ್ಣ ಬಳಿಯಬೇಕು.