ಹದಿನೆಂಟು ನಿಮಿಷಕ್ಕಾಗಿ ಹವಾಯಿಗೆ

ಶುಕ್ರ ಸೂರ್ಯನ ಮುಂದೆ ಹಾದುಹೋಗುವುದನ್ನು ಶುಕ್ರ ಸಂಕ್ರಮ ಅಂತೀವಿ. 2012ರ ಸಂಕ್ರಮಕ್ಕೆ ನಾವು ಹವಾಯಿಗೆ ಹೋಗಲು ಕಾರಣ ಒಂದೇ. ಅಲ್ಲಿ ಶುರುವಿನಿಂದ ಕೊನೆಯವರೆಗೆ ಪೂರ್ತಿ ಕಾಣುತ್ತಿತ್ತು. ಭಾರತದಲ್ಲಿ ಜೂನ್ 6ರ ಬೆಳಿಗ್ಗೆ ಸೂರ್ಯ ಹುಟ್ಟುವಾಗಲೇ ಶುಕ್ರ ಒಳಗೆ ಹೋಗಿ ಕೂತಿರುತ್ತಾನೆ. ನನಗೆ ಬೇಕಿದ್ದುದು ಅವನು ಒಳಗೆ ಕಾಲಿಡುವ ಹೊತ್ತು. ಅಂಚು ಮುಟ್ಟಿದ ಕ್ಷಣದಿಂದ ಪೂರ್ತಿ ಒಳಗಾಗುವ ಕ್ಷಣದವರೆಗೆ, ಅಂದರೆ ಮೊದಲ ಸ್ಪರ್ಶದಿಂದ ಎರಡನೇ ಸ್ಪರ್ಶದವರೆಗೆ, ಸುಮಾರು ಹದಿನೆಂಟು ನಿಮಿಷ. ಆಮೇಲಿನ ಆರು ಗಂಟೆ ಸೂರ್ಯನ ಮೇಲೆ ಒಂದು ಕಪ್ಪು ಚುಕ್ಕೆ ನಿಧಾನಕ್ಕೆ ಸರಿಯುತ್ತದೆ. ಅದೂ ಚೆಂದವೇ. ಆದರೆ ಅಂಚಿನಲ್ಲಿ ನಡೆಯುವುದೇ ಬೇರೆ.

ನಾವು ನಾಲ್ವರು. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ನಮ್ಮಲ್ಲೇ ಚಿಕ್ಕವನಾದ ಒಬ್ಬ ಹುಡುಗ, ಸಮಯ ಬರೆದುಕೊಳ್ಳಲು ಅಂತ ಬಂದ ಅವನ ಅಕ್ಕ, ಮತ್ತು ನಾನು. ನನ್ನದು 100 ಮಿಲಿಮೀಟರ್ ಲೆನ್ಸಿನ, 900 ಮಿಲಿಮೀಟರ್ ಫೋಕಲ್ ಲೆಂತ್ ಇರುವ ಟೆಲಿಸ್ಕೋಪ್. ಇದಕ್ಕೊಂದು ಸುಲಭದ ಲೆಕ್ಕ ಇದೆ. ಫೋಕಲ್ ಲೆಂತನ್ನು 109ರಿಂದ ಭಾಗಿಸಿದರೆ ಕ್ಯಾಮೆರಾ ಸೆನ್ಸರ್ ಮೇಲೆ ಸೂರ್ಯ ಎಷ್ಟು ದೊಡ್ಡದಾಗಿ ಬೀಳುತ್ತಾನೆ ಅಂತ ಗೊತ್ತಾಗುತ್ತದೆ. ನನಗೆ ಎಂಟು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಆ ದಿನ ಶುಕ್ರನ ಅಗಲ ಸೂರ್ಯನ ಅಗಲದ ಸುಮಾರು 32ರಲ್ಲಿ ಒಂದು ಪಾಲು, ಅಂದರೆ ಸೆನ್ಸರ್ ಮೇಲೆ ಕಾಲು ಮಿಲಿಮೀಟರ್. ಆ ಕಾಲು ಮಿಲಿಮೀಟರಿಗಾಗಿ ಸಮುದ್ರ ದಾಟಿದೆವು. ಟೆಲಿಸ್ಕೋಪನ್ನು ಹೊತ್ತು ಸೂರ್ಯನ ಹಿಂದೆ ತಿರುಗಿಸುವ ಆಧಾರಕ್ಕೆ ಮೌಂಟ್ ಅಂತಾರೆ. ಟೆಲಿಸ್ಕೋಪಿನ ಭಾರ ಸರಿದೂಗಿಸಲು ಅದರ ಇನ್ನೊಂದು ಬದಿಗೆ ಹಾಕುವ ಎದುರು ತೂಕ ಮಾತ್ರ ಹೊತ್ತುಕೊಂಡು ಹೋಗಲಿಲ್ಲ. ಐದು ಕಿಲೋ ಕಬ್ಬಿಣಕ್ಕೆ ವಿಮಾನದಲ್ಲಿ ಜಾಗ ಕೊಡುವುದಕ್ಕಿಂತ ಅಲ್ಲೇ ನೀರಿನ ಬಾಟಲಿಗಳನ್ನು ಸರಳಿಗೆ ಕಟ್ಟಿದರಾಯಿತು ಅಂದರು ಮೇಷ್ಟ್ರು. ಅದು ಚೆನ್ನಾಗಿಯೇ ಕೆಲಸ ಮಾಡಿತು.

ಇಳಿದ ಮರುದಿನ ಮೌನಾ ಕೆ ಹತ್ತಿದೆವು. 4,205 ಮೀಟರ್ ಎತ್ತರ. ಅರ್ಧ ದಾರಿಯಲ್ಲಿ, ಸುಮಾರು 2,800 ಮೀಟರಿನಲ್ಲಿ, ಸಂದರ್ಶಕರ ಕೇಂದ್ರ ಇದೆ. ಅಲ್ಲಿ ಅರ್ಧ ಗಂಟೆಯಾದರೂ ನಿಂತು ಮೈ ಒಗ್ಗಿಸಿಕೊಂಡೇ ಮೇಲೆ ಹೋಗಬೇಕು. ತುದಿಯಲ್ಲಿ ಕೆಕ್ ವೀಕ್ಷಣಾಲಯದ ಎರಡು ಬಿಳಿ ಗುಮ್ಮಟಗಳು, ಒಂದೊಂದರೊಳಗೂ ಹತ್ತು ಮೀಟರ್ ಕನ್ನಡಿ. ಪಕ್ಕದಲ್ಲೇ ಸುಬಾರು ಟೆಲಿಸ್ಕೋಪ್. ಮೋಡಗಳು ಕಾಲ ಕೆಳಗೆ ಹರಡಿಕೊಂಡಿದ್ದವು. ಆಕಾಶದ ನೀಲಿ ಎಷ್ಟು ಗಾಢವಾಗಿತ್ತು ಅಂದರೆ ಕೈ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದರೆ ಬೆರಳಿನ ಅಂಚಿನವರೆಗೂ ಅದೇ ನೀಲಿ. ಇಲ್ಲೇ ಇರೋಣ ಅಂತ ನಾನು ಅಂದುಕೊಂಡಾಗಿತ್ತು. ಆದರೆ ಪರೀಕ್ಷೆಗೆ ಅಂತ ಒಂದು ಮೌಂಟ್ ಜೋಡಿಸಲು ಕೂತಾಗ ಕೈ ಮಾತು ಕೇಳಲಿಲ್ಲ. ಗಾಳಿಯ ಒತ್ತಡ ಅಲ್ಲಿ ಸಮುದ್ರ ಮಟ್ಟದಲ್ಲಿ ಇರುವುದರ ನೂರಕ್ಕೆ ಅರವತ್ತು ಭಾಗ ಅಷ್ಟೇ. ಫೋಕಸ್ ಗುಂಡಿಯನ್ನು ಯಾವ ಕಡೆ ತಿರುಗಿಸಬೇಕು ಅಂತ ಎರಡು ಸಲ ಯೋಚಿಸಬೇಕಾಯಿತು. ಹುಡುಗ ತಲೆ ಹಿಡಿದುಕೊಂಡು ಕಾರಿನಲ್ಲಿ ಕೂತುಬಿಟ್ಟ. "ಆಕಾಶ ಚೆನ್ನಾಗಿದ್ದರೆ ಸಾಲದಪ್ಪಾ, ನಮ್ಮ ತಲೆಯೂ ಚೆನ್ನಾಗಿರಬೇಕು" ಅಂದರು ಮೇಷ್ಟ್ರು. ಅವರು 2004ರ ಸಂಕ್ರಮವನ್ನೂ ನೋಡಿದವರು. ಅವರ ಮಾತಿಗೆ ನಾನು ಎದುರಾಡಲಿಲ್ಲ.

ಹಾಗಾಗಿ ಕೆಳಗಿಳಿದು ಪಶ್ಚಿಮದ ಕರಾವಳಿ ಹುಡುಕಿದೆವು. ದ್ವೀಪದ ಆ ಭಾಗ ಪರ್ವತಗಳ ಮಳೆನೆರಳಿನಲ್ಲಿದೆ, ಒಣ ಪ್ರದೇಶ. ಸಂಜೆ 6 ಗಂಟೆ 44 ನಿಮಿಷಕ್ಕೆ ಶುಕ್ರ ಹೊರಗೆ ಹೋಗುವಾಗ ಸೂರ್ಯ ಇನ್ನೂ ಮೂರು ಡಿಗ್ರಿ ಎತ್ತರದಲ್ಲಿರುತ್ತಾನೆ, ಎದುರಿಗೆ ಬರೀ ಸಮುದ್ರ ಇರಬೇಕು. ದಾರಿಯುದ್ದಕ್ಕೂ ಕಪ್ಪು ಲಾವಾ ಬಯಲು. ನೋಡಲು ಅದ್ಭುತ, ಆದರೆ ಬಿಸಿಲಿಗೆ ಕಾದ ಕಲ್ಲಿನಿಂದ ಏಳುವ ಬಿಸಿಗಾಳಿ ಸೂರ್ಯನ ಅಂಚನ್ನು ಕುದಿಯುವ ನೀರಿನ ಹಾಗೆ ಕುಣಿಸುತ್ತದೆ. ಸೂರ್ಯನ ಫೋಟೋ ತೆಗೆಯುವವರು ಯಾವಾಗಲೂ ಹುಲ್ಲು ಅಥವಾ ನೀರಿನ ಪಕ್ಕ ನಿಲ್ಲಬೇಕು. ಹಾಪುನಾ ಕಡಲತೀರದಲ್ಲಿ ಮರಳಿನ ಹಿಂದೆ ಹುಲ್ಲುಹಾಸು ಸಿಕ್ಕಿತು.

ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಕೈಲುವಾ ಇದೆ. 1874ರ ಶುಕ್ರ ಸಂಕ್ರಮಕ್ಕೆ ಬ್ರಿಟಿಷರ ತಂಡವೊಂದು ಈ ದ್ವೀಪಗಳಿಗೆ ಬಂದಿತ್ತು. ಹೊನೊಲುಲು, ಕೈಲುವಾ, ಕವಾಯಿ ದ್ವೀಪದ ವೈಮಿಯಾ, ಹೀಗೆ ಮೂರು ಕಡೆ ಟೆಲಿಸ್ಕೋಪ್ ನಿಲ್ಲಿಸಿದ್ದರು. ನಾಯಕ ಜಾರ್ಜ್ ಟಪ್ಮನ್. ಅವರಿಗೆ ಸಿಗುತ್ತಿದ್ದುದು ಶುಕ್ರ ಒಳಗೆ ಹೋಗುವ ಭಾಗ ಮಾತ್ರ, ಅಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. ಭೂಮಿಯಿಂದ ಸೂರ್ಯನಿಗೆ ಎಷ್ಟು ದೂರ ಅಂತ ಅಳೆಯಲು ಬೇರೆ ಬೇರೆ ಜಾಗಗಳಿಂದ ಸ್ಪರ್ಶದ ಸಮಯ ಬೇಕಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಒಂದು ಮಧ್ಯಾಹ್ನಕ್ಕೆ ಕಾದವರು. ಕೈಲುವಾದ ಮೇಲೆ ಹಾದುಹೋಗುವಾಗ ಕಾರು ನಿಲ್ಲಿಸಿ ಸಮುದ್ರದ ಕಡೆ ಸುಮ್ನೆ ಐದು ನಿಮಿಷ ನಿಂತಿದ್ದೆವು.

ಈಗ ನಿಜವಾದ ಕಷ್ಟಕ್ಕೆ ಬರ್ತೀನಿ. ಜೂನ್ ಮೊದಲ ವಾರ ಹವಾಯಿಯಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ, ಎರಡೂವರೆ ಡಿಗ್ರಿ ಉತ್ತರಕ್ಕೆ ಅಷ್ಟೇ. ಅವನು ಪೂರ್ವದ ಅರ್ಧದಿಂದ ಪಶ್ಚಿಮದ ಅರ್ಧಕ್ಕೆ ದಾಟುವುದು ಸುಮಾರು 12 ಗಂಟೆ 22 ನಿಮಿಷಕ್ಕೆ. ಮೊದಲ ಸ್ಪರ್ಶ 12:10ಕ್ಕೆ, ಎರಡನೆಯದು 12:28ಕ್ಕೆ. ನಮ್ಮಂಥ ಮೌಂಟ್ ಇಟ್ಟುಕೊಂಡವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಸೂರ್ಯ ಆ ರೇಖೆ ದಾಟಿದ ಮೇಲೆ ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ಪಲ್ಟಿ ಹೊಡೆಸಬೇಕು, ಇಲ್ಲದಿದ್ದರೆ ಹೊತ್ತು ಹೋದ ಹಾಗೆ ಕ್ಯಾಮೆರಾ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಆ ಪಲ್ಟಿ ಸರಿಯಾಗಿ ನಮ್ಮ ಹದಿನೆಂಟು ನಿಮಿಷದ ಮಧ್ಯೆ ಬರುತ್ತಿತ್ತು!

ನಾನು ಮೊದಲೇ ಪಲ್ಟಿ ಹೊಡೆಸಿ ಇಟ್ಟೆ. ಎದುರು ತೂಕ ಸ್ವಲ್ಪ ಹೊತ್ತು ಟೆಲಿಸ್ಕೋಪಿಗಿಂತ ಮೇಲಿರುತ್ತದೆ, ಹನ್ನೆರಡು ನಿಮಿಷಕ್ಕೆ ಮೂರು ಡಿಗ್ರಿ, ಅದೇನೂ ತೊಂದರೆ ಅಲ್ಲ. ನನ್ನ ಮೌಂಟಿಗೆ ಒಂದು ಸಣ್ಣ ಮೋಟಾರ್ ಬಿಟ್ಟರೆ ಬೇರೇನೂ ಇಲ್ಲ, ಹೇಳಿದ ಹಾಗೆ ಕೇಳುತ್ತದೆ. ಹುಡುಗನದು ಕಂಪ್ಯೂಟರ್ ಇರುವ ಮೌಂಟ್.

ಅದಕ್ಕೂ ಮೊದಲು ಉತ್ತರ ದಿಕ್ಕು ಸಿಗಬೇಕಿತ್ತಲ್ಲ, ಮೌಂಟಿನ ಅಕ್ಷ ಉತ್ತರಕ್ಕೆ ನೆಟ್ಟಿದ್ದರೆ ಮಾತ್ರ ಅದು ಸೂರ್ಯನ ಹಿಂದೆ ಸರಿಯಾಗಿ ತಿರುಗುತ್ತದೆ. ಹಗಲಲ್ಲಿ ಧ್ರುವ ನಕ್ಷತ್ರ ಇಲ್ಲ. ದಿಕ್ಸೂಚಿ ತೆಗೆದರೆ ಎರಡು ಹೆಜ್ಜೆ ಈ ಕಡೆ ಒಂದು ಉತ್ತರ, ಆ ಕಡೆ ಇನ್ನೊಂದು ಉತ್ತರ. ಲಾವಾ ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಮುಳ್ಳನ್ನು ಎಳೆಯುತ್ತದೆ. ಮೇಷ್ಟ್ರು ಒಂದು ದಾರಕ್ಕೆ ನಟ್ಟು ಕಟ್ಟಿ ತೂಗುಬಿಟ್ಟು, ಅದರ ನೆರಳು ಬೀಳುವ ಕಡೆ ಬಿಳಿ ಕಾಗದ ಹಾಸಿದರು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಆ ಜಾಗದಲ್ಲಿ ಸೂರ್ಯನ ದಿಕ್ಕು ನಾಲ್ಕೈದು ಡಿಗ್ರಿಯಷ್ಟೇ ಸರಿಯುತ್ತದೆ, ಅವನು ಹೆಚ್ಚು ಕಡಿಮೆ ನೇರವಾಗಿ ಮೇಲಕ್ಕೇ ಏರುತ್ತಾನೆ. ಆದ್ದರಿಂದ ಗಡಿಯಾರ ಒಂದು ನಿಮಿಷ ಹೆಚ್ಚು ಕಡಿಮೆ ಆದರೂ ದಿಕ್ಕಿನಲ್ಲಿ ತಪ್ಪು ಬಹಳ ಕಡಿಮೆ. ಅಕ್ಕ ಜಿಪಿಎಸ್ ನೋಡಿ ಸಮಯ ಕೂಗಿದರು, ನಾನು ನೆರಳಿನ ಮೇಲೆ ಪೆನ್ಸಿಲ್ ಗೆರೆ ಎಳೆದೆ, ಮೇಷ್ಟ್ರು ಕೋನಮಾಪಕ ಇಟ್ಟು ಅದರಿಂದ ಉತ್ತರದ ಗೆರೆ ಹಾಕಿದರು. ಗಾಳಿಗೆ ನಟ್ಟು ತೂಗಾಡುತ್ತಿತ್ತು, ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿದ ಮೇಲೆ ದಾರ ಅಲುಗಾಡದೆ ನಿಂತಿತು. ಆ ಪೆನ್ಸಿಲ್ ಗೆರೆಯ ಮೇಲೆ ನಿಂತ ಟೆಲಿಸ್ಕೋಪ್ ಸಂಜೆಯವರೆಗೂ ಸೂರ್ಯನನ್ನು ಬಿಡಲಿಲ್ಲ.

ಸೂರ್ಯನ ಬೆಳಕನ್ನು ತಗ್ಗಿಸುವ ಫಿಲ್ಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಟೆಲಿಸ್ಕೋಪಿನ ಮುಂಭಾಗದಲ್ಲಿ, ಸೂರ್ಯನ ಬೆಳಕು ಒಳಗೆ ಬರುವ ಮೊದಲೇ ಇರಬೇಕು. ಕಣ್ಣಿಡುವ ಕಡೆ ಹಾಕುವ ಫಿಲ್ಟರ್ ಬಿಸಿಗೆ ಬಿರಿಯಬಹುದು, ಕಣ್ಣು ಹೋಗುತ್ತದೆ. ಕಡಲ ಗಾಳಿ ಜೋರಿತ್ತು, ನಾವು ಮೂರು ಕಡೆ ಟೇಪ್ ಸುತ್ತಿದೆವು. ಗುರಿ ಹಿಡಿಯುವ ಸಣ್ಣ ದುರ್ಬೀನನ್ನು ಬಿಚ್ಚಿ ಚೀಲಕ್ಕೆ ಹಾಕಿದೆವು.

12:10. ಅಕ್ಕ ಸೆಕೆಂಡು ಎಣಿಸುತ್ತಿದ್ದರು. ಮೇಷ್ಟ್ರ ಹತ್ತಿರ ಹೈಡ್ರೋಜನ್ ಆಲ್ಫಾ ಟೆಲಿಸ್ಕೋಪ್ ಇತ್ತು, ಅದರಲ್ಲಿ ಸೂರ್ಯನ ಕೆಂಪು ಹೊರಪದರವೂ ಕಾಣುತ್ತದೆ. ಹಾಗಾಗಿ ನಮಗಿಂತ ಮೊದಲು "ಬಂತು" ಅಂದವರು ಅವರೇ. ನನಗೆ ಕಾಣಿಸಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಅಂಚಿನಲ್ಲಿ ಉಗುರು ಒತ್ತಿದ ಹಾಗೆ ಒಂದು ಗುರುತು. ಮೂರು ನಿಮಿಷದಲ್ಲಿ ಅದು ಕಚ್ಚಿದ ಹಾಗೆ ಆಯಿತು. ಕ್ಯಾಮೆರಾ ಐದೈದು ಸೆಕೆಂಡಿಗೆ ಒಂದು ಫೋಟೋ ತೆಗೆಯುತ್ತಿತ್ತು, 1/500 ಸೆಕೆಂಡ್, ಐಎಸ್ಒ 100.

12:22ಕ್ಕೆ ಹುಡುಗನ ಮೌಂಟ್ ತಾನಾಗಿಯೇ ಪಲ್ಟಿ ಹೊಡೆಯಲು ಹೊರಟಿತು. ಸೆಟ್ಟಿಂಗ್ ಬಂದ್ ಮಾಡಿದ್ದೆ ಅಂತ ಅವನು ಅಂದುಕೊಂಡಿದ್ದ. ಟೆಲಿಸ್ಕೋಪ್ ದೊಡ್ಡ ಸುತ್ತು ಹಾಕಿತು, ಲ್ಯಾಪ್‌ಟಾಪಿನ ತಂತಿ ಟ್ರೈಪಾಡಿಗೆ ಸಿಕ್ಕಿಕೊಂಡು ಕಿತ್ತು ಬಂತು. "ಸಾರ್, ಹೋಯ್ತು!" ಅಂದ, ಧ್ವನಿ ಅಳುವ ಹಾಗಿತ್ತು. ಮೇಷ್ಟ್ರು ತಮ್ಮ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಬಿಟ್ಟು ಓಡಿ ಬಂದರು. ಒಬ್ಬರು ತಂತಿ ಬಿಡಿಸಿದರು, ಇನ್ನೊಬ್ಬರು ಟೆಲಿಸ್ಕೋಪಿನ ನೆರಳು ನೋಡುತ್ತಾ ಕೈಯಿಂದಲೇ ಸೂರ್ಯನ ಕಡೆ ತಿರುಗಿಸಿದರು. ನೆರಳು ಚಿಕ್ಕದಾಗಿ, ದುಂಡಗೆ ಆದಾಗ ಸೂರ್ಯ ಒಳಗೆ ಬಂದ. 12:26. ಎರಡು ನಿಮಿಷ ಉಳಿದಿತ್ತು.

ಆ ಎರಡು ನಿಮಿಷ ನಾನು ನನ್ನ ಕ್ಯಾಮೆರಾ ಬಿಚ್ಚಿ ಐಪೀಸ್ ಹಾಕಿದೆ. ಇದನ್ನು ಮೊದಲೇ ನಿರ್ಧರಿಸಿದ್ದೆ. ಫೋಟೋ ಹುಡುಗನದು, ನೋಟ ನನ್ನದು. ಶುಕ್ರನ ಬಹುಪಾಲು ಸೂರ್ಯನೊಳಗಿತ್ತು. ಹೊರಗೆ ಉಳಿದ ಅಂಚಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಬೆಳಕಿನ ಬಿಲ್ಲು ಇತ್ತು. ಸೂರ್ಯನ ಬೆಳಕು ಶುಕ್ರನ ವಾತಾವರಣದಲ್ಲಿ ಬಾಗಿ ನಮ್ಮ ಕಡೆ ಬರುತ್ತಿತ್ತು. ಬಿಲ್ಲು ಒಂದೇ ಸಮ ಇರಲಿಲ್ಲ, ಒಂದು ತುದಿಯಲ್ಲಿ ದಪ್ಪ, ಇನ್ನೊಂದು ಕಡೆ ಕಾಣಿಸಿಯೂ ಕಾಣದ ಹಾಗೆ. ಬೇರೊಂದು ಲೋಕದ ಗಾಳಿಯನ್ನು ಕಣ್ಣಾರೆ ನೋಡುತ್ತಿದ್ದೇನೆ ಅಂತ ಅನಿಸಿದಾಗ ಮೈ ಜುಮ್ ಅಂತು. ಆಮೇಲೆ ಕಪ್ಪು ವೃತ್ತ ಅಂಚಿನಿಂದ ಬಿಡಿಸಿಕೊಳ್ಳುವಾಗ ಒಂದು ಸಣ್ಣ ಕಪ್ಪು ಎಳೆ ಎರಡನ್ನೂ ಹಿಡಿದುಕೊಂಡ ಹಾಗೆ ಕಂಡಿತು. ಹಿಂದಿನವರ ಸಮಯದ ಲೆಕ್ಕ ಕೆಡಿಸಿದ ಕಪ್ಪು ಹನಿ ಇದೇ. ಶುಕ್ರನ ವಾತಾವರಣವೇ ಇದಕ್ಕೆ ಕಾರಣ ಅಂತ ಬಹಳ ಕಾಲ ಅಂದುಕೊಂಡಿದ್ದರು. ಆದರೆ 1999ರಲ್ಲಿ ಗಾಳಿ ಇಲ್ಲವೆಂದೇ ಹೇಳಬಹುದಾದ ಬುಧ ಸೂರ್ಯನ ಮುಂದೆ ಹಾದಾಗಲೂ ಉಪಗ್ರಹದ ಚಿತ್ರಗಳಲ್ಲಿ ಅದು ಕಂಡಿತು. ಟೆಲಿಸ್ಕೋಪಿನ ಮಸುಕು, ಅಂಚಿನ ಕಡೆ ಸೂರ್ಯನ ಬೆಳಕು ಕುಗ್ಗುವುದು, ಎರಡೂ ಸೇರಿ ಹಾಗೆ ಕಾಣಿಸುತ್ತವೆ.

ಹುಡುಗ ಕೊನೆಯ ನಿಮಿಷವನ್ನು ಬಿಡದೆ ಸಾಲಾಗಿ ಫೋಟೋ ತೆಗೆದ. 1874ರಲ್ಲಿ ಫ್ರಾನ್ಸಿನ ಜಾನ್ಸೆನ್ ಜಪಾನಿನಲ್ಲಿ ಇದೇ ಕ್ಷಣಕ್ಕೆ ಅಂತ ತಿರುಗುವ ತಟ್ಟೆಯ ಕ್ಯಾಮೆರಾ ಮಾಡಿಸಿದ್ದ, 72 ಸೆಕೆಂಡಿಗೆ 48 ಚಿತ್ರ. ಸಿನಿಮಾ ಕ್ಯಾಮೆರಾಗೆ ಮುಂಚಿನ ಸಾಧನ ಅದು. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸ್ವಲ್ಪ ಅರಳಿತು.

ಮಧ್ಯಾಹ್ನವೆಲ್ಲ ಸರಾಗವಾಗಿ ಹೋಯಿತು. ಕಡಲಿಗೆ ಬಂದವರು ಸಾಲು ನಿಂತು ನೋಡಿದರು. ಒಂದು ಮಗು ಶುಕ್ರನನ್ನು ಬಿಟ್ಟು ಸೂರ್ಯಕಲೆಗಳನ್ನೇ ಎಣಿಸಿತು, ಅವತ್ತು ಹಲವು ಗುಂಪುಗಳಿದ್ದವು.

ಸಂಜೆ ಹೊರಹೋಗುವ ಹೊತ್ತಿಗೆ ಸೂರ್ಯ ಚಪ್ಪಟೆಯಾಗಿ, ಅಂಚು ನಡುಗುತ್ತಿತ್ತು. ಮಂದವಾದ ಸೂರ್ಯನನ್ನು ಕಂಡು ಫಿಲ್ಟರ್ ತೆಗೆಯೋಣ ಅಂತ ಆಸೆಯಾಗುತ್ತದೆ, ತೆಗೆಯಬಾರದು. ಶಟರ್ ನಿಧಾನ ಮಾಡಿದೆವು, ಅಷ್ಟೇ. 6:44ಕ್ಕೆ ಕೊನೆಯ ಕಚ್ಚು ಮುಚ್ಚಿಕೊಂಡಿತು. ಮುಂದಿನ ಸಂಕ್ರಮ 2117ರ ಡಿಸೆಂಬರಿನಲ್ಲಿ. ಸೂರ್ಯ ಮುಳುಗುವವರೆಗೆ ಯಾರೂ ಸಾಮಾನು ಕಟ್ಟಲಿಲ್ಲ. ಮೇಷ್ಟ್ರು ಖಾಲಿ ಸೂರ್ಯನನ್ನು ನೋಡುತ್ತಲೇ ಇದ್ದರು.

ಹುಡುಗನ ಫೋಟೋಗಳಲ್ಲಿ ಆ ಬೆಳಕಿನ ಬಿಲ್ಲು ಒಂದೇ ಒಂದರಲ್ಲಿ ಸಿಕ್ಕಿತು, 12:26 ದಾಟಿದ ಮೇಲಿನದು. ಹದಿನೈದು ದಿನ ಬಿಟ್ಟು ಬೆಳಗಿನ ಜಾವ ಅದೇ ಟೆಲಿಸ್ಕೋಪನ್ನು ಪೂರ್ವಕ್ಕೆ ತಿರುಗಿಸಿದೆ. ಶುಕ್ರ ಸೂರ್ಯನ ಇನ್ನೊಂದು ಪಕ್ಕಕ್ಕೆ ಬಂದಿದ್ದ, ತೆಳುವಾದ ಕುಡುಗೋಲಿನ ಹಾಗೆ. ಈ ಸಲ ಫಿಲ್ಟರ್ ಬೇಕಾಗಿರಲಿಲ್ಲ.