ಅದು ನೆಟ್‌ವರ್ಕ್ ಲ್ಯಾಗ್ ಆಗಿರಲಿಲ್ಲ

ವಿಡಿಯೊ ಕಾಲ್‌ನಲ್ಲಿ ನಮ್ಮ ವೆಬ್ ಪುಟದ ಡೆಮೊ. ಡ್ರಮ್ ಲೂಪ್ ಜೊತೆ ಮೆಟ್ರೊನೋಮ್, ಅಂದರೆ ಬೀಟ್‌ಗೊಂದು ಟಿಕ್ ಹೊಡೆಯುವ ತಾಳಯಂತ್ರ, ಓಡುತ್ತಿತ್ತು. 120 ಬಿಪಿಎಂ (ನಿಮಿಷಕ್ಕೆ 120 ಬೀಟ್), ಅಂದರೆ ಅರ್ಧ ಸೆಕೆಂಡಿಗೊಂದು ಬೀಟ್. ನಾಲ್ಕೈದು ಟಿಕ್ ಆಗುವಷ್ಟರಲ್ಲಿ ಒಂದೇ ಪೆಟ್ಟು ಎರಡಾಗಿ ಕೇಳತೊಡಗಿತು. ಇಪ್ಪತ್ತನೇ ಸೆಕೆಂಡಿಗೆ ಟಿಕ್ ಎರಡು ಬೀಟ್‌ಗಳ ನಟ್ಟನಡುವೆ ಹೋಗಿ ಕೂತಿತ್ತು. “ಸ್ಕ್ರೀನ್ ಶೇರ್ ಲ್ಯಾಗ್ ಇರಬೇಕು” ಅಂದುಬಿಟ್ಟೆ. 42ನೇ ಸೆಕೆಂಡಿನ ಸುಮಾರಿಗೆ ಎರಡೂ ಮತ್ತೆ ಕೂಡಿಕೊಂಡವು, ಕಾಲ್‌ನಲ್ಲಿದ್ದವರು “ಹಾಂ, ಸರಿಹೋಯ್ತು” ಅಂದರು. ಸರಿಹೋಗಿರಲಿಲ್ಲ. ಟಿಕ್ ಪೂರ್ತಿ ಒಂದು ಬೀಟ್ ಹಿಂದೆ ಬಿದ್ದಿತ್ತು. ಮೊದಲ ಬೀಟ್‌ಗೆ ಕೊಟ್ಟಿದ್ದ ಜೋರು ಟಿಕ್ ಡ್ರಮ್ಮಿನ ಎರಡನೇ ಬೀಟ್ ಮೇಲೆ ಬೀಳುತ್ತಿತ್ತು. ಸಂಗೀತ ಗೊತ್ತಿದ್ದೂ ಆ ಕ್ಷಣ ಬಾಯಿಬಿಡದೆ ಕೂತಿದ್ದು ಇವತ್ತಿಗೂ ಚುಚ್ಚುತ್ತದೆ.

ಲ್ಯಾಗ್ ಅಂದದ್ದೇ ತಪ್ಪು ಅಂದಾಜು. ಕಾಲ್ ಆಗಲಿ, ಬ್ಲೂಟೂತ್ ಹೆಡ್‌ಫೋನ್ ಆಗಲಿ, ಡ್ರಮ್ಮನ್ನೂ ಟಿಕ್ಕನ್ನೂ ಬೆರೆಸಿದ ಮೇಲೆಯೇ ತಡ ಮಾಡುತ್ತದೆ. ಆ ತಡ ಇನ್ನೂರು ಮಿಲಿಸೆಕೆಂಡ್ ಇದ್ದರೂ ಎರಡಕ್ಕೂ ಒಂದೇ, ಅವೆರಡರ ನಡುವೆ ಅಂತರ ಹುಟ್ಟುವುದಿಲ್ಲ. ಅಂತರ ಬರಬರುತ್ತಾ ಬೆಳೆಯುತ್ತಿದೆ ಅಂದರೆ ಎರಡು ಬೇರೆ ಗಡಿಯಾರ ಓಡುತ್ತಿವೆ ಅಂತಲೇ ಅರ್ಥ. ಇದನ್ನು ಹೇಳಲು ಲಾಗ್ ಬೇಕಾಗಿಲ್ಲ, ಕಿವಿ ಸಾಕು.

ಕೋಡ್‌ನಲ್ಲಿದ್ದದ್ದು ಇಷ್ಟು: ಟಿಕ್ ನುಡಿಸು, ಸೆಟ್‌ಟೈಮ್‌ಔಟ್‌ಗೆ (ಬ್ರೌಸರ್‌ನ ಟೈಮರ್) 500 ಮಿಲಿಸೆಕೆಂಡ್ ಕೊಡು, ಮತ್ತೆ ಟಿಕ್ ನುಡಿಸು. ಸೆಟ್‌ಟೈಮ್‌ಔಟ್ ಕೊಡುವ ಭರವಸೆ “500ಕ್ಕಿಂತ ಮೊದಲು ಕರೆಯುವುದಿಲ್ಲ” ಅಂತ ಮಾತ್ರ. ಅದೇ ಪುಟದಲ್ಲಿ ಕ್ಯಾನ್ವಾಸ್ ಮೇಲೆ ವೇವ್‌ಫಾರ್ಮ್ ಬಿಡಿಸುತ್ತಾ ಮೇನ್ ಥ್ರೆಡ್ (ಪುಟದ ಕೆಲಸಗಳೆಲ್ಲ ಸಾಲಾಗಿ ನಡೆಯುವ ಜಾಗ, ಟೈಮರ್ ಕೂಡ ಅಲ್ಲೇ) ಒದ್ದಾಡುತ್ತಿತ್ತು. ಪ್ರತಿ ಟಿಕ್ ಸುಮಾರು 6 ಮಿಲಿಸೆಕೆಂಡ್ ತಡ, ಆ ತಡ ಮುಂದಿನದಕ್ಕೂ ಸಾಗುತ್ತದೆ. 120 ಟಿಕ್‌ಗೆ 0.72 ಸೆಕೆಂಡ್. ಡ್ರಮ್ ಲೂಪ್ ಮಾತ್ರ ಸೌಂಡ್ ಹಾರ್ಡ್‌ವೇರ್ ಗಡಿಯಾರದ ಮೇಲೆ ನಿಶ್ಚಿಂತೆಯಿಂದ ಓಡುತ್ತಿತ್ತು. ಖಾಲಿ ಪುಟದಲ್ಲಿ ಐದು ಸೆಕೆಂಡ್ ಕೇಳಿ ಪಿಆರ್ (ಕೋಡ್ ಬದಲಾವಣೆ) ಮರ್ಜ್ ಮಾಡಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸರಿಯಾದ ದಾರಿಯಲ್ಲಿ ಟೈಮರ್ ಟಿಕ್ ನುಡಿಸುವುದಿಲ್ಲ, ಬುಕ್ ಮಾಡುತ್ತದೆ. 25 ಮಿಲಿಸೆಕೆಂಡಿಗೊಮ್ಮೆ ಎದ್ದು ಆಡಿಯೋಕಾಂಟೆಕ್ಸ್ಟ್‌ನ (ಬ್ರೌಸರ್‌ನ ಧ್ವನಿ ಎಂಜಿನ್) ಕರೆಂಟ್‌ಟೈಮ್, ಅಂದರೆ ಅದರ ಗಡಿಯಾರ, ನೋಡಬೇಕು. ಮುಂದಿನ 100 ಮಿಲಿಸೆಕೆಂಡಿನೊಳಗೆ ಬರುವ ಟಿಕ್‌ಗಳಿಗೆಲ್ಲ ಸ್ಟಾರ್ಟ್ ಅನ್ನುವ ಕರೆಗೆ ನಿಖರ ಸಮಯ ಕೊಟ್ಟು ಮಲಗಬೇಕು. ಆಗ ಟೈಮರ್ 70 ಮಿಲಿಸೆಕೆಂಡ್ ತಡವಾದರೂ ತಾಳ ಅಲುಗುವುದಿಲ್ಲ. ಲೂಪ್ ಶುರುವಾದ ಕ್ಷಣವನ್ನೇ ಟಿಕ್‌ಗೂ ಸೊನ್ನೆ ಅಂತ ಹಿಡಿದು, ಸೊನ್ನೆಯಿಂದ ಎಣಿಸಿದ ಎನ್ (n)ನೇ ಟಿಕ್ಕಿನ ಸಮಯವನ್ನು ಅಲ್ಲಿಂದ ಎನ್ ಗುಣಿಸು 60 ಭಾಗಿಸು ಬಿಪಿಎಂ ಅಂತ ಲೆಕ್ಕ ಹಾಕಿ.

ಸುರಕ್ಷಿತ ಅಂತ 100ನ್ನು ಒಂದು ಸೆಕೆಂಡ್ ಮಾಡಿದರೆ ಟೆಂಪೊ ಸ್ಲೈಡರ್ ಒಂದು ಸೆಕೆಂಡ್ ತಡವಾಗಿ ಮಾತು ಕೇಳುತ್ತದೆ. ಸ್ಟಾಪ್ ಒತ್ತಿದ ಮೇಲೂ ಬುಕ್ ಆದ ಟಿಕ್‌ಗಳು ಬರುತ್ತವೆ, ಹಾಗಾಗಿ ಅವನ್ನು ನುಡಿಸುವ ನೋಡ್‌ಗಳನ್ನು ಅರೇಯಲ್ಲಿ (ಪಟ್ಟಿಯಲ್ಲಿ) ಇಟ್ಟುಕೊಂಡು ಒಂದೊಂದನ್ನೂ ನಿಲ್ಲಿಸಬೇಕು. ಟ್ಯಾಬ್ ಹಿಂದಕ್ಕೆ ಹೋದಾಗ ಬ್ರೌಸರ್ ಟೈಮರನ್ನು ಸೆಕೆಂಡಿಗೊಮ್ಮೆಗೆ ಇಳಿಸಬಹುದು, ಅದಕ್ಕೇ ಆ 25ರ ಟೈಮರ್ ವೆಬ್ ವರ್ಕರ್‌ನಲ್ಲಿ (ಮೇನ್ ಥ್ರೆಡ್‌ನಿಂದ ಬೇರೆಯಾಗಿ ಓಡುವ ಥ್ರೆಡ್) ಇರಲಿ. ಕಳೆದುಹೋದ ಸಮಯವನ್ನು ಸ್ಟಾರ್ಟ್‌ಗೆ ಕೊಟ್ಟರೆ ಎರರ್ ಬರುವುದಿಲ್ಲ, ಆ ಕ್ಷಣವೇ ನುಡಿಯುತ್ತದೆ. ಹತ್ತು ಟಿಕ್ ತಪ್ಪಿದ್ದರೆ ಹತ್ತೂ ಒಟ್ಟಿಗೇ ಪಟಾರ್ ಅಂತ ಸಿಡಿಯುತ್ತವೆ, ಹೆಡ್‌ಫೋನ್ ಹಾಕಿಕೊಂಡವರ ಕಿವಿ ಹೋದಂತೆಯೇ. ಹಳೆಯ ಟಿಕ್‌ಗಳನ್ನು ಬಿಟ್ಟು ಮುಂದಿನ ಬೀಟ್‌ಗೆ ಹಾರುವ ಸಾಲು ಕೋಡ್‌ನಲ್ಲಿ ಇರಲೇಬೇಕು.

ಉಳಿದವು ಚಿಕ್ಕವು, ಆದರೆ ಒಂದೊಂದೂ ಅರ್ಧ ದಿನ ತಿನ್ನುತ್ತದೆ. ಬಫರ್‌ನಲ್ಲಿರುವ (ಮೆಮೊರಿಗೆ ಬಂದ) ಧ್ವನಿಯನ್ನು ನುಡಿಸುವ ಬಫರ್‌ಸೋರ್ಸ್ ನೋಡ್ ಒಮ್ಮೆ ಮಾತ್ರ ಸ್ಟಾರ್ಟ್ ಆಗುತ್ತದೆ. ಪ್ರತಿ ಟಿಕ್‌ಗೂ ಹೊಸ ನೋಡ್, ಬಫರ್ ಮಾತ್ರ ಹಂಚಿಕೊಂಡದ್ದು. ನಾದವನ್ನು ಥಟ್ಟನೆ ಕತ್ತರಿಸಿದರೆ ‘ಚಟ್’ ಅನ್ನುತ್ತದೆ, 5 ಮಿಲಿಸೆಕೆಂಡಿನಲ್ಲಿ ಇಳಿಸಿ. ಧ್ವನಿ ಇಳಿಸುವ ಎಕ್ಸ್‌ಪೊನೆನ್ಶಿಯಲ್ ರ‍್ಯಾಂಪ್ ಸೊನ್ನೆಗೆ ಇಳಿಯದು, 0.001 ಕೊಡಿ. ಲೂಪ್ ಎಂಪಿ3 ಆಗಿದ್ದರೆ ಎನ್‌ಕೋಡರ್ ತಲೆಗೂ ಬಾಲಕ್ಕೂ ಮೌನ ಸೇರಿಸಿರುತ್ತದೆ. ಎಂಪಿ3ಯ ಫ್ರೇಮ್ (ತುಂಡು) ಒಂದಕ್ಕೆ 1,152 ಸ್ಯಾಂಪಲ್, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 26 ಮಿಲಿಸೆಕೆಂಡ್, ಆದ್ದರಿಂದ ಸುತ್ತಿಗೊಮ್ಮೆ ಎಡವುತ್ತದೆ. ವೇವ್ ಫೈಲ್ ಬಳಸಿ. ಇನ್ನು ಮೆಮೊರಿ: ಮೂರು ನಿಮಿಷದ ಸ್ಟೀರಿಯೊ ಟ್ರ್ಯಾಕ್ ಡಿಕೋಡ್ ಆದ ಮೇಲೆ ಸುಮಾರು 63 ಎಂಬಿ, ಎಂಪಿ3 ಎಷ್ಟೇ ಚಿಕ್ಕದಿರಲಿ. 2018ರ ಕ್ರೋಮ್ 71ರಿಂದ ಆಡಿಯೋಕಾಂಟೆಕ್ಸ್ಟ್ ಬಳಕೆದಾರರ ಕ್ಲಿಕ್ ಬರುವ ತನಕ ಸಸ್ಪೆಂಡೆಡ್, ಅಂದರೆ ನಿಂತೇ ಇರುತ್ತದೆ. ರೆಸ್ಯೂಮ್ ಕರೆ ಪ್ಲೇ ಬಟನ್ನಿನ ಹ್ಯಾಂಡ್ಲರ್‌ನಲ್ಲೇ ಇರಲಿ.

ಬೇಸರದ ಮಾತೂ ಇದೆ. ಕ್ಯೂಎ (ಪರೀಕ್ಷಾ ತಂಡ) ಲ್ಯಾಪ್‌ಟಾಪ್‌ಗಳು ಯಾವಾಗಲೂ ಮ್ಯೂಟ್. ಟೆಸ್ಟ್‌ಗಳು ತಾವಾಗಿಯೇ ಓಡುವ ಸಿಐನಲ್ಲಿ ಯಾರೂ ಕೇಳುವುದಿಲ್ಲ. ಎಸ್ಟಿಮೇಟ್‌ನಲ್ಲಿ “ಕೂತು ಕೇಳಲು ಅರ್ಧ ದಿನ” ಅಂತ ಬರೆದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಸ್ಪೀಕರ್‌ಗೆ ಕಳಿಸದೆ ಧ್ವನಿಯನ್ನು ಮೆಮೊರಿಗೇ ಬರೆಯುವ ಆಫ್‌ಲೈನ್‌ಆಡಿಯೋಕಾಂಟೆಕ್ಸ್ಟ್‌ನಲ್ಲಿ 60 ಸೆಕೆಂಡ್ ರೆಂಡರ್ ಮಾಡಿ, ಟಿಕ್‌ಗಳ ನಡುವೆ ಸರಿಯಾಗಿ 22,050 ಸ್ಯಾಂಪಲ್ ಇದೆಯೇ ಅಂತ ಟೆಸ್ಟ್ ಬರೆಯಬಹುದು. ಅದು ಲೆಕ್ಕದ ತಪ್ಪು ಹಿಡಿಯುತ್ತದೆ, ಮೇನ್ ಥ್ರೆಡ್ಡಿನ ಒದ್ದಾಟ ಹಿಡಿಯುವುದಿಲ್ಲ. ಅದಕ್ಕೆ ಡೆವ್ ಬಿಲ್ಡ್‌ನಲ್ಲಿ ಒಂದು ಬಟನ್ ಇಟ್ಟಿದ್ದೇವೆ: ಒತ್ತಿದಾಗಲೆಲ್ಲ ಥ್ರೆಡ್ಡನ್ನು 50 ಮಿಲಿಸೆಕೆಂಡ್ ತಡೆಹಿಡಿಯುತ್ತದೆ. ವೇವ್‌ಫಾರ್ಮ್ ಓಡುತ್ತಿರಬೇಕು, ಬಟನ್ ಒತ್ತುತ್ತಿರಬೇಕು, ಹೆಡ್‌ಫೋನ್ ಹಾಕಿ ಎರಡು ನಿಮಿಷ ಪೂರ್ತಿ ಕೇಳಬೇಕು. 42ನೇ ಸೆಕೆಂಡಿಗೆ ನಿಲ್ಲಿಸಕೂಡದು.